ಕುಂಚಾವರಂ ಕಡೆಯ ನರಸಿಂಹುಲು

ಸೇಡಂ
೨೦ ಜನವರಿ ೨೦೨೬, ಮಂಗಳವಾರ

ಪ್ರೀತಿಯ ಶಿವಗಂಗಾ,

ನಾನು ಇಲ್ಲಿ ಕ್ಷೇಮ. ನಿನ್ನ ಮೊಣಕಾಲು ಹೇಗಿದೆ? ಬಿ.ಪಿ. ಗುಳಿಗೆ ಮುಗಿದಿದ್ದರೆ ನಿನ್ನ ತಮ್ಮನಿಗೆ ಹೇಳು, ಸಂಕೋಚ ಮಾಡಿಕೊಂಡು ಸುಮ್ಮನೆ ಕೂಡಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಈ ಪತ್ರವನ್ನು ಕಲೀಮನ ಕೈಯಲ್ಲಿ ಶಹಾಬಾದಿಗೆ ಕಳಿಸುತ್ತಿದ್ದೇನೆ. ಮನೆ ನೀನು ಬಿಟ್ಟುಹೋದ ಹಾಗೇ ಇದೆ. ಪಕ್ಕದ ಭಾಗ್ಯಜ್ಯೋತಿ ರೊಟ್ಟಿ ಕೊಡುತ್ತಾಳೆ, ಪಲ್ಯ ನಾನೇ ಮಾಡಿಕೊಳ್ಳುತ್ತೇನೆ. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಈಗ ನನಗೆ ತಿಳಿಯುವುದಿಲ್ಲ, ಹೀಗಾಗಿ ತಕರಾರೂ ಇಲ್ಲ.

ನಿನಗೆ ಸಿಟ್ಟು ಬರುವ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಶರಣಕುಮಾರನ ಹೆಸರಿನಲ್ಲಿ ಅವನ ಗೆಳೆಯರು ಕ್ರಿಕೆಟ್ ಪಂದ್ಯ ಇಟ್ಟಿದ್ದಾರೆ. ಇನ್ನು ಈ ಮನೆಯಲ್ಲಿ ಬ್ಯಾಟು ಬಾಲಿನ ಮಾತೇ ಬೇಡವೆಂದು ನೀನು ಹೇಳಿ ಹೋಗಿದ್ದೀಯ. ಹೋದ ಬೇಸಿಗೆಯಲ್ಲಿ ಆಡಿ ಬರುವಾಗಲೇ ಮಗ ಲಾರಿಗೆ ಸಿಕ್ಕ ಮೇಲೆ, ನಿನ್ನ ಮಾತು ತಪ್ಪೆಂದು ನಾನು ಹೇಗೆ ಹೇಳಲಿ? ಆದರೂ ಅವನು ಆಡಿದ ಊರುಗಳ ತಂಡಗಳನ್ನು ಕರೆಯಲು ಅವರ ಪೈಕಿ ಕಲೀಮ್ ಜೀಪು ತೆಗೆದುಕೊಂಡು ಹೊರಟವನು ನಮ್ಮ ಬಾಗಿಲಿಗೆ ಬಂದು, "ಕಾಕಾ, ನೀವೂ ಬರ್ರಿ" ಅಂದ. ಮೊನ್ನೆ ಭಾನುವಾರ ಹೋದೆ. ಮನೆಯಲ್ಲಿ ಕೂತರೂ ಅಷ್ಟೇ, ಜೀಪಿನಲ್ಲಿ ಕೂತರೂ ಅಷ್ಟೇ.

ಮೊದಲು ಚಿತ್ತಾಪುರದ ಆಚೆ ಒಂದು ಹಳ್ಳಿ. ಶಹಾಬಾದಿನ ರಸ್ತೆ ಕಂಡಾಗ ಅತ್ತ ತಿರುಗಿಸು ಅನ್ನಲು ನನಗೆ ಬಾಯಿ ಬರಲಿಲ್ಲ. ಮೈದಾನವೆಂದರೆ ತೊಗರಿ ಕೊಯ್ದ ಹೊಲ, ಅಷ್ಟೇ. ನಡುವಿನ ಪಟ್ಟಿಗೆ ಮಾತ್ರ ನೀರು ಹೊಡೆದು, ಬಡಿದು ಗಟ್ಟಿ ಮಾಡಿದ್ದರು. ಉಳಿದ ಕಡೆ ತೊಗರಿ ಕೂಳೆ, ಚಪ್ಪಲಿ ದಾಟಿ ಚುಚ್ಚುತ್ತದೆ. ಬೌಂಡರಿಗೆ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಚೂರುಗಳನ್ನು ಇಟ್ಟಿದ್ದರು. ಸೇಡಂನ ಶರಣಕುಮಾರ ಎಂದರೆ ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹಾಗಾದರೆ ಭಾನುವಾರ ಬಂತೆಂದರೆ ಇವನು ಎಲ್ಲಿಗೆ ಹೋಗುತ್ತಿದ್ದ ಎಂದು ನನಗೆ ಅನುಮಾನವೇ ಬಂತು. ಕಲೀಮ್ ಫೋನಿನಲ್ಲಿ ಫೋಟೋ ತೋರಿಸಿದ. "ಇಂವ ನಮ್ಮ ಲಕ್ಷ್ಮಿಕಾಂತ ಅಲ್ಲೇನ್ರಿ?" ಅಂದರು. ಆಮೇಲೆ ಕಲೀಮ್ ನನಗೆ ಬಿಡಿಸಿ ಹೇಳಿದ. ಹಳ್ಳಿಯ ಪಂದ್ಯದಲ್ಲಿ ಆಯಾ ಊರಿನವರೇ ಆಡಬೇಕಂತೆ. ಜೋರಾಗಿ ಬಾಲ್ ಹಾಕುವವನು ಊರಿನಲ್ಲಿ ಇಲ್ಲದಿದ್ದರೆ ಹೊರಗಿನವನನ್ನು ಕರೆಸಿ, ದುಡಿಯಲು ಬೇರೆ ಕಡೆ ಹೋದ ತಮ್ಮೂರ ಹುಡುಗನ ಹೆಸರಿನಲ್ಲಿ ಆಡಿಸುತ್ತಾರಂತೆ. ಅಂಪೈರ್ ಮುಂದೆ ಬಾಯಿ ತಪ್ಪಬಾರದೆಂದು ಎಲ್ಲರೂ ಅದೇ ಹೆಸರು ರೂಢಿ ಮಾಡಿಕೊಳ್ಳುತ್ತಾರೆ. ನಮ್ಮ ಮಗ ಹೋದ ಸುದ್ದಿ ಕೇಳಿ ಹುಡುಗರು ಆಟ ನಿಲ್ಲಿಸಿ ಬಂದು ನನ್ನ ಕಾಲು ಮುಟ್ಟಿದರು. ಒಬ್ಬ ಅತ್ತೇಬಿಟ್ಟ. ನನಗೆ ಅಳು ಬರಲಿಲ್ಲ. ಚಪ್ಪಲಿಗೆ ಸಿಕ್ಕಿದ ಕೂಳೆ ಕೀಳುತ್ತ ನಿಂತಿದ್ದೆ.

ಅಲ್ಲಿಂದ ತಿರುಗಿ ಬಂದು ಚಿಂಚೋಳಿ ದಾಟಿ, ಚಂದ್ರಂಪಳ್ಳಿಯ ಕೆರೆ ಕಂಡಲ್ಲಿ ಬುತ್ತಿ ಬಿಚ್ಚಿ ಉಂಡು, ಕುಂಚಾವರಂ ಕಡೆಯ ಒಂದು ಸಣ್ಣ ಊರು ಮುಟ್ಟಿದೆವು. ಅಲ್ಲಿ ಮೈದಾನಕ್ಕೆ ಒಂದು ಕಡೆ ಕಾಡೇ ಬೌಂಡರಿ. ಆಡುವವರಿಗಿಂತ ಬಾಲ್ ಹುಡುಕುವವರೇ ಹೆಚ್ಚು. ಈ ಸಲ ಕಲೀಮ್ ಹೆಸರು ಹೇಳದೆ ಮೊದಲು ಫೋಟೋವನ್ನೇ ತೋರಿಸಿದ. ತಂಡಕ್ಕೆ ಅಡುಗೆ ಮಾಡಿ ಹಾಕುವ ಬಾಲಮ್ಮ ಎಂಬ ಮುದುಕಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನನ್ನ ಮುಖ ನೋಡಿ, "ನೀವು ನಮ್ಮ ನರಸಿಂಹುಲುನ ಅಪ್ಪ ಏನ್ರಿ?" ಅಂದಳು.

ಹೌದು ಅಂದೆ.

ಆಕೆ ಭಾಳ ಮಾತಿನವಳು. ನಡುನಡುವೆ ತೆಲುಗು. ಎಲ್ಲರೂ ಮುಕ್ಕುವ ಪುಂಡಿಪಲ್ಯವನ್ನು ನಿಮ್ಮ ಮಗ ಮೂಸಿಯೂ ನೋಡುವುದಿಲ್ಲ, ಅವನೊಬ್ಬನ ಸಲುವಾಗಿ ಬೇರೆ ಬೇಳೆ ಬೇಯಿಸುತ್ತೇನೆ ಎಂದು ದೂರಿದಳು. ಥೇಟ್ ನಿನ್ನ ದೂರು. ಆಮೇಲೆ, "ಫೋನ್ ಹತ್ತವಲ್ದು ಅವಂದು. ಬರೂ ಐತವಾರ ಮ್ಯಾಚ್ ಸುರು ಅವ, ಕಳ್ಸ್ರಿ" ಅಂದಳು. ಕಲೀಮ್ ಹೇಳಲು ಬಾಯಿ ತೆರೆದ. ನಾನು ಅವನ ಕೈ ಹಿಡಿದೆ.

"ಬರ್ತಾನ" ಅಂದೆ.

ಯಾಕೆ ಅಂದೆನೋ ತಿಳಿಯದು. ಸುಳ್ಳು ಹೇಳಿದೆ ಎಂದೂ ಆಗ ಅನಿಸಲಿಲ್ಲ. ಆ ಊರಿನಲ್ಲಿ ಅವನು ಇನ್ನೂ ಇದ್ದ, ಅದನ್ನು ನನ್ನ ಬಾಯಿಂದಲೇ ತೆಗೆಯಲು ಆಗಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಉಂಡು ಮಲಗಿದೆ. ನಿದ್ದೆಯೂ ಬಂತು ನೋಡು.

ನಿನ್ನ ತಮ್ಮನಿಗೂ ಅವನ ಹೆಂಡತಿಗೂ ನನ್ನ ಶರಣು ತಿಳಿಸು. ಮಕ್ಕಳಿಗೆ ಆಶೀರ್ವಾದ. ಥಂಡಿಯಲ್ಲಿ ತಣ್ಣೀರು ಮುಟ್ಟಬೇಡ.

ನಿನ್ನವ,
ಸಿದ್ಧಲಿಂಗ

ತಾ.ಕ.: ಕಲೀಮ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬಾಲಮ್ಮ ಜೀಪಿನ ತನಕ ಬಂದು ಇನ್ನೊಂದು ಮಾತು ಅಂದಿದ್ದಳು. "ಅವ್ವಗ ಒಂದ್ಸಲ ಆಟ ನೋಡ್ಲಿಕ್ಕ ಕರ್ಕೊಂಡ್ ಬರ್ತೀನಂದಿದ್ದ. ಆಕಿಗೂ ಕಳ್ಸ್ರಿ." ಭಾನುವಾರ ಅಲ್ಲಿ ಹತ್ತು ಹುಡುಗರು ಹನ್ನೊಂದನೆಯವನಿಗಾಗಿ ಕಾಯುತ್ತ ನಿಲ್ಲುತ್ತಾರೆ, ಆಕೆ ಬೇರೆ ಬೇಳೆ ಇಟ್ಟಿರುತ್ತಾಳೆ. ಹೋಗಿ ಹೇಳಲೇಬೇಕು. ನನ್ನೊಬ್ಬನಿಂದ ಆಗುವುದಿಲ್ಲ, ಶಿವಗಂಗಾ. ನೀನು ಇದನ್ನು ಓದಿ ಮುಗಿಸುವವರೆಗೂ ಬಾಗಿಲಲ್ಲೇ ನಿಂತಿರು ಎಂದು ಕಲೀಮನಿಗೆ ಹೇಳಿದ್ದೇನೆ. ಅದೇ ಜೀಪಿನಲ್ಲಿ ಬಂದುಬಿಡು.