ಅಕ್ಕನ ಕಾಯಿಲೆ, ನನಗೂ ಇರುವ ಜೀನ್

ಮಾನ್ಯ ಸಂಶೋಧನಾ ವಿಭಾಗದ ಮುಖ್ಯಸ್ಥರೇ,

ನಿಮ್ಮ ಆಸ್ಪತ್ರೆಯ ಗೋಡೆಯ ಮೇಲಿನ ಒಂದು ಫಲಕ ನನ್ನ ಅಕ್ಕನನ್ನು ಮತ್ತೆ ವಾರ್ಡಿಗೆ ಸೇರಿಸಿತು. 'ಬೈಪೋಲಾರ್ ಕಾಯಿಲೆಯ ಮೂಲ ಡೋಪಮೈನ್ ಜೀನಿನಲ್ಲಿ ಪತ್ತೆ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಗ್ಗುವ ತನ್ನ ಕಾಯಿಲೆಯ ಬಗ್ಗೆ ಅದನ್ನು ಓದಿ ಬಂದ ಅಕ್ಕ, "ಹುಟ್ಟೋವಾಗಲೇ ಬರೆದಿಟ್ಟಿದೆಯಂತೆ. ಇನ್ನು ಮಾತ್ರೆ ನುಂಗಿ ಏನಾಗಬೇಕು?" ಅಂದಳು. ಒಂದೇ ಸಾಲಿನಲ್ಲಿ ಮನುಷ್ಯರ ಹಣೆಬರಹ ಮುಗಿಸುವ ನಿಮ್ಮ ವಿದ್ವತ್ತಿಗೆ ಏನೆನ್ನಲಿ?

ನಾವಿಬ್ಬರೂ ದರ್ಜಿಗಳು. ಅವಳು ಬಟ್ಟೆ ಕತ್ತರಿಸುತ್ತಾಳೆ, ನಾನು ಕಾಜಾ ಹೊಲಿದು ಗುಂಡಿ ಹಚ್ಚುತ್ತೇನೆ. ಸಂಶೋಧನೆಗೆಂದು ಇಬ್ಬರ ರಕ್ತವನ್ನೂ ತೆಗೆದುಕೊಂಡಿರಿ: ಅವಳದು ರೋಗಿಯದೆಂದು, ನನ್ನದು ಬರೀ ಹೋಲಿಕೆಗೆಂದು. ಅಲ್ಲೂ ನಾನು ಎರಡನೆಯವಳೇ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವಳ ಕಾಯಿಲೆಯ ಮೇಲೇ ಹೊಟ್ಟೆಕಿಚ್ಚಿತ್ತು. ಉಮೇದು ಏರಿದ ದಿನಗಳಲ್ಲಿ ಅವಳು ಟೇಪು ಮುಟ್ಟದೆ ಕಣ್ಣಂದಾಜಿನಲ್ಲೇ ಕೋಟು ಕತ್ತರಿಸುತ್ತಾಳೆ. ಗಿರಾಕಿಗಳು ಅವಳ ಮಾತಿಗೆ ನಕ್ಕು ನಕ್ಕು ಕುರ್ಚಿ ಬಿಟ್ಟೇಳುವುದಿಲ್ಲ. ಕುಗ್ಗಿದ ದಿನಗಳಲ್ಲಿ ಅಮ್ಮ ಅವಳ ಮಂಚ ಬಿಟ್ಟೇಳುವುದಿಲ್ಲ. ನನಗೆ ಜ್ವರ ಬಂದಾಗ ಅಮ್ಮ ಬಾಗಿಲಲ್ಲೇ ನಿಂತು, "ನೀನು ಬಿಡು, ಗಟ್ಟಿಗಿತ್ತಿ" ಎಂದು ಹೊರಟುಹೋದಳು.

ಹಾಗಾಗಿ ಅಕ್ಕ ಮಾತ್ರೆ ಬಿಡುತ್ತೇನೆಂದಾಗ ನಾನು ತಡೆಯಲಿಲ್ಲ. "ನಿನ್ನಿಷ್ಟ" ಎಂದು ತಲೆ ಎತ್ತದೆ ಗುಂಡಿ ಹಚ್ಚುತ್ತ ಕೂತೆ. ಮೂರನೆಯ ವಾರ ಅವಳು ಗಿರಾಕಿಗಳ ಬಟ್ಟೆಯನ್ನೆಲ್ಲ ಹರವಿ, ಜಗತ್ತಿಗೇ ಹೊಸ ಉಡುಪು ಕೊಡುತ್ತೇನೆಂದು ಚಿಂದಿಚಿಂದಿಯಾಗಿ ಕತ್ತರಿಸಿದಳು. ಕತ್ತರಿ ಕಸಿಯಲು ಹೋದ ಅಮ್ಮನ ಅಂಗೈ ಸೀಳಿತು. ನಿಮ್ಮ ಫಲಕದ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅಲ್ಲಗಳೆಯುವುದಿಲ್ಲ.

ವಾರ್ಡಿನಲ್ಲಿ ನಿಮ್ಮ ಕಿರಿಯ ವೈದ್ಯೆಯನ್ನು ನಮ್ಮ ರಕ್ತದ ಫಲಿತಾಂಶ ಕೇಳಿದೆ. ಅಕ್ಕನ ಎದುರಿಗೇ ಕಡತ ತೆರೆದು ಅವರು ಹೇಳಿದರು: "ಆ ಜೀನಿನ ಅದೇ ರೂಪ ನಿಮ್ಮಿಬ್ಬರಲ್ಲೂ ಇದೆ. ಇಂಥವು ಎಷ್ಟೋ ಇರ್ತವೆ. ಒಂದೊಂದರ ಪಾಲು ಚೂರೇ ಚೂರು. ಬದುಕಲ್ಲಿ ಬಂದಿದ್ದೂ ಸೇರುತ್ತೆ. ಯಾವ ಒಂದು ಜೀನೂ ತೀರ್ಪು ಕೊಡಲ್ಲ."

ಅಕ್ಕ ನನ್ನನ್ನೇ ದಿಟ್ಟಿಸಿದಳು. "ನಂದೇ ಜೀನು ನಿನಗೂ ಇದ್ಯಲ್ಲ. ಮತ್ತೆ ನೀನು ಹೇಗೆ ಉಳ್ಕೊಂಡೆ?" ಎಂದಳು. ಆಮೇಲೆ, "ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ? ನಾಳೆ ನೀನು ಯಾರಾಗಿ ಏಳ್ತೀಯ ಅಂತ ನಿನಗೆ ಗೊತ್ತಿರುತ್ತೆ" ಎಂದಳು. ನನ್ನಲ್ಲಿ ಆಸೆಪಡುವಂಥದ್ದೂ ಇದೆಯೆಂದು ಅಂದೇ ತಿಳಿದದ್ದು. ನರ್ಸ್ ತಂದ ಮಾತ್ರೆಯನ್ನು ಅವಳು ನುಂಗಿದಳು.

ಆ ವೈದ್ಯೆ ಹೇಳಿದ್ದನ್ನು ಅಷ್ಟೇ ದಪ್ಪಕ್ಷರದಲ್ಲಿ ಅದೇ ಗೋಡೆಗೆ ಬರೆಸಿ. ಆ ಫಲಕ ಓದುವವರೆಲ್ಲರ ಪಕ್ಕದಲ್ಲೂ, ಮಾತ್ರೆ ಬಿಡದಂತೆ ತಡೆಯಬಲ್ಲ ತಂಗಿ ಇರುವುದಿಲ್ಲ. ಇದ್ದರೂ ಅವಳು ನನ್ನಂಥವಳಾಗಿರಬಹುದು.

ಇಂತಿ,
ಅಕ್ಕನ ಅಸೂಯೆಗೆ ತಾನೂ ಅರ್ಹಳೆಂದು ತಡವಾಗಿ ತಿಳಿದ ತಂಗಿ