ಕತ್ತರಿಸಿದ ಸ್ಪ್ರಿಂಗ್, ತಣಿದ ಕಾಫಿ

ಅಮ್ಮಾನ್

ಹಿರಿಯರಾದ ಅಬೂ ಹೈಥಮ್ ಅವರಿಗೆ ಸಲಾಂ. ಮಾವ ಎಂದು ಬರೆಯಲು ಇನ್ನೂ ಅಪ್ಪಣೆಯಿಲ್ಲ.

ಸುಮಯ್ಯಾಳನ್ನು ಮದುವೆಗೆ ಕೇಳಲು ಬಂದ ದಿನ ನನ್ನ ತಗ್ಗಿಸಿದ ಕಾರು ನಿಮ್ಮ ಬೀದಿಯ ಉಬ್ಬಿಗೆ ಕೆರೆದದ್ದು ಕೇಳಿ, "ಸ್ಪ್ರಿಂಗ್ ಕತ್ತರಿಸಿದ್ದೀಯೇನೋ? ಇದರಲ್ಲಿ ನನ್ನ ಮಗಳು ಕೂರಬೇಕಾ?" ಎಂದಿರಿ. ಹೌದು, ಕಾರು ತಗ್ಗಲೆಂದು ಕತ್ತರಿಸಿದ್ದೆ. ನಮ್ಮ ಪದ್ಧತಿಯಂತೆ, ನೀವು ಒಪ್ಪುವವರೆಗೆ ಹೆಣ್ಣು ಕೇಳಲು ಬಂದವನು ಕಾಫಿ ಮುಟ್ಟುವಂತಿಲ್ಲವಲ್ಲ, ನನ್ನ ಬಟ್ಟಲು ಹಾಗೇ ತಣಿಯಿತು.

ಈಗ ಕಾರನ್ನು ಮೂರೇ ಸೆಂಟಿಮೀಟರ್ ತಗ್ಗಿಸುವ ಹೊಸ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸಿದ್ದೇನೆ. ಉಬ್ಬನ್ನೂ ಅಳೆದೆ, ಎರಡು ಬೆರಳು ಜಾಗ ಉಳಿಯುತ್ತದೆ. ಶಾಕ್ ಬಿಗಿ ಮಾಡಲೋ, ಸಡಿಲ ಬಿಡಲೋ ಎಂಬುದನ್ನು ಮಾತ್ರ ಮೂವತ್ತು ವರ್ಷ ಬಸ್ಸು ಓಡಿಸಿದ ನೀವೇ ಕೂತು ನೋಡಿ ಹೇಳಬೇಕು.

ಶುಕ್ರವಾರ ತುಂಬಿದ ಕಾಫಿ ಬಟ್ಟಲು ಹಿಡಿದು ನನ್ನ ಪಕ್ಕ ಕೂರಿ. ಸಾಲ್ಟ್ ಊರಿನ ಗುಡ್ಡದ ತಿರುವುಗಳನ್ನು ಇಳಿಯೋಣ. ಕೊನೆಗೆ ಚೆಲ್ಲದೆ ಒಂದು ಗುಟುಕು ಉಳಿದರೂ ಸಾಕು, ಅದನ್ನು ನನಗೆ ಕೊಡಿ.

ನಿಮ್ಮ ವಿಧೇಯ,
ನಿದಾಲ್