ಗೆರೆಯ ಹಿಂದೆ ಒಂದು ನಿಂಬೆಹಣ್ಣು

ಮಾರ್ಚ್ 6, ಗುರುವಾರ

ಬ್ರೇಕ್ ಪ್ಯಾಡ್ ಬದಲಿಸಿದ್ದಾಯಿತು. ಸಂಜೆ ಗ್ಯಾರೇಜಿನ ಹಿಂದಿನ ಖಾಲಿ ಸೈಟಿನಲ್ಲಿ ಗಾಡಿ ತಿರುಗಿಸಿ ನೋಡಿದೆ. ಹೇಳಿದ ಮಾತು ಕೇಳುತ್ತಿದೆ. ಅಪ್ಪ ಬಾನೆಟ್ ಮೇಲೆ ಕೈಯಿಟ್ಟು, "ನಿನ್ನ ವಯಸ್ಸಿನ್ಯಾಗ ನಾನೂ ಇಷ್ಟು ಚಂದ ತಿರುವು ಹೊಡೀತಿರಲಿಲ್ಲ" ಅಂದ. ಇಪ್ಪತ್ತು ವರ್ಷ ರ‍್ಯಾಲಿ ಓಡಿಸಿದವನ ಬಾಯಿಂದ ಇಷ್ಟು ಬಂದರೆ ಸಾಕು. ಲಗ್ಗೆರೆಗೆಲ್ಲ ಕೇಳುವಂತೆ ಕೂಗಬೇಕೆನಿಸಿತು... ಕೂಗಲಿಲ್ಲ.

ಈ ಭಾನುವಾರ, ಬರುವ ಭಾನುವಾರ — ಎರಡೂ ರೇಸ್ ಹೊಸಕೋಟೆ ಆಚೆಯ ಮಣ್ಣಿನ ಟ್ರ್ಯಾಕಿನಲ್ಲಿ. ಅವನ್ನು ನೋಡಿ ವೈಟ್‌ಫೀಲ್ಡಿನ ಶ್ರೀಧರ್ ಸಾರ್ ತಮ್ಮ ಟೀಮಿಗೆ ಒಬ್ಬರನ್ನು ತೆಗೆದುಕೊಳ್ಳುತ್ತಾರೆ. ಆ ಒಬ್ಬಳು ನಾನೇ.

ಮಾರ್ಚ್ 9, ಭಾನುವಾರ

ಎಲ್ಲರಿಗಿಂತ ಬೇಗ ಮುಗಿಸಿದೆ. ಆದರೂ ಆರನೆಯ ಸ್ಥಾನ.

ನಿಂಬೆಹಣ್ಣಿನಿಂದ. ಅಪ್ಪನ ಕಾಲದಿಂದಲೂ ಅಜ್ಜಿ ಸ್ಟಾರ್ಟ್ ಗೆರೆಯಲ್ಲೇ ಚಕ್ರದಡಿ ಹಣ್ಣು ಇಡುತ್ತಾಳೆ. ಅದು ಚಟ್ ಎಂದು ಒಡೆಯದೆ ನಮ್ಮ ಮನೆಯವರು ಗಾಡಿ ಬಿಡುವುದಿಲ್ಲ. ಅಪ್ಪನ ರ‍್ಯಾಲಿಗಳಲ್ಲಿ ಬಾವುಟ ಹಿಡಿದವನು ನಕ್ಕು ಸುಮ್ಮನಾಗುತ್ತಿದ್ದ. ಇಲ್ಲಿ ಬಾವುಟವಿಲ್ಲ, ಗೆರೆ ದಾಟಿದರೆ ಹಿಡಿಯುವ ಸೆನ್ಸರ್. ಹಸಿರು ದೀಪಕ್ಕೆ ಮೊದಲೇ, ಹಣ್ಣು ಜಜ್ಜಲೆಂದು ಒಂದು ಗೇಣು ಮುಂದೆ ಹೋದೆ. ಜಂಪ್ ಸ್ಟಾರ್ಟ್. ಹತ್ತು ಸೆಕೆಂಡ್ ಪೆನಾಲ್ಟಿ.

ಶ್ರೀಧರ್ ಸಾರ್ ಹತ್ತಿರ ಬಂದರು. "ಡ್ರೈವಿಂಗ್ ಸಕ್ಕತ್ತಾಗಿದೆ ಕಣಮ್ಮ. ಈ ಜ್ಯೂಸ್ ಅಂಗಡಿ ಮಾತ್ರ ಬೇಡ."

ಅಜ್ಜಿ ಬಿಡಲಿಲ್ಲ. "ನಿಮ್ಮ ದೀಪ ತಡಾ ಮಾಡಿದ್ರ ನಮ್ಮ ಹುಡುಗಿ ಏನ್ ಮಾಡ್ಬೇಕ್ರೀ?"

ಮಾರ್ಚ್ 14, ಶುಕ್ರವಾರ

ಇನ್ನು ಹಣ್ಣು ಬೇಡ ಅಂತ ಅಪ್ಪ ಹೇಳಿದ್ದೇ ತಪ್ಪಾಯಿತು. ಅಜ್ಜಿ ಅವನ ಮೇಲೆ ತಿರುಗಿಬಿದ್ದಳು.

"ಹಣ್ಣಿಲ್ಲದ ಒಂದ ಸಲ ಹೋಗಿ ಗಾಡಿ ಮಗಚಿಕೊಂಡು ಬಂದ್ಯಲ್ಲೋ ಈಶ್ಯಾ. ಮರ್ತಿಯೇನ? ಹಂಗಾದ್ರ ನಾ ರೇಸಿಗೆ ಬರೂದಿಲ್ಲ."

ಅಜ್ಜಿ ಟ್ರ್ಯಾಕಿನ ಬೇಲಿಯಾಚೆ ಇಲ್ಲದಿದ್ದರೆ ನನಗೆ ಕೈಕಾಲೇ ಆಡುವುದಿಲ್ಲ. ನಿಜ ಹೇಳಬೇಕೆಂದರೆ, ಆ ಚಟ್ ಕೇಳದೆ ನನ್ನ ಕಾಲೂ ಆಕ್ಸಿಲರೇಟರ್ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ.

ರೊಟ್ಟಿ ಬಡಿಯುತ್ತಿದ್ದವಳ ಪಕ್ಕ ಕೂತು ಕೇಳಿದೆ — ಗೆರೆಗಿಂತ ಹಿಂದೆ ಇಟ್ಟರೆ? ಜಜ್ಜಿಕೊಂಡು ಬಂದು ಗೆರೆಯಲ್ಲಿ ನಿಲ್ಲಿಸಿದರೆ?

"ಆದೀತು. ಆದ್ರ ಅಲ್ಲಿಯವ್ರನ್ನ ಕೇಳೋರು ಯಾರ?"

"ನಾನು."

"ನೀ? ಅಂಗಡ್ಯಾಗ ಉಪ್ಪು ಕೇಳಾಕ ನಾಚ್ತಿ!"

ಮಾರ್ಚ್ 16, ಭಾನುವಾರ, ಬೆಳಿಗ್ಗೆ 9

ಕೇಳಿದೆ! ಸ್ಟಾರ್ಟ್ ನೋಡಿಕೊಳ್ಳುವ ಮಾರ್ಷಲ್ ಮುಂದೆ ಎರಡು ಸಲ ಸುಮ್ಮನೆ ಓಡಾಡಿ, ಮೂರನೆಯ ಸಲ ಕೇಳಿಯೇಬಿಟ್ಟೆ. ಅವರು ನಕ್ಕರು.

"ನನ್ನ ಸ್ಕೂಟರ್‌ಗೂ ನಮ್ಮಮ್ಮ ಇಡಿಸಿದ್ರು. ಒಂದು ಗಾಡಿ ಉದ್ದ ಹಿಂದೆ ಇಟ್ಕೊಳಮ್ಮ. ಗೆರೆ ಮಾತ್ರ ಮುಟ್ಟಬೇಡ."

ಅಜ್ಜಿ ಆಗಲೇ ಹಣ್ಣು ಹಿಡಿದು ನಿಂತಿದ್ದಾಳೆ. ಇವತ್ತು ನನ್ನದೇ.

ಅದೇ ದಿನ, ಸಂಜೆ

ಗೆದ್ದೆ. ಪೆನಾಲ್ಟಿ ಇಲ್ಲ. "ಮಂಗಳವಾರ ವೈಟ್‌ಫೀಲ್ಡಿಗೆ ಬಾ, ರೇಸ್ ಸೂಟಿಗೆ ಅಳತೆ ಕೊಡು" ಅಂದರು ಶ್ರೀಧರ್ ಸಾರ್. ಅಪ್ಪ ಸುಮ್ಮಸುಮ್ಮನೆ ಟೈರು ಒರೆಸುತ್ತ ನಿಂತ.

ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಚಟ್ ಅನ್ನಲೇ ಇಲ್ಲ. ಮಣ್ಣು ಸಡಿಲವಿತ್ತು, ಹಣ್ಣು ಚಕ್ರಕ್ಕೆ ಸಿಗದೆ ಪಕ್ಕಕ್ಕೆ ಉರುಳಿತು. ಗೆರೆಯಲ್ಲಿ ನಿಂತಾಗಲೂ ಕಿವಿ ಆ ಚಟ್‌ಗೇ ಕಾಯುತ್ತಿತ್ತು. ದೀಪ ಹಸಿರಾಯಿತು. ಕಾಲು ತಾನಾಗಿಯೇ ಒತ್ತಿತು. ಮೊದಲ ತಿರುವಿನಲ್ಲಿ ಹಣ್ಣಿನ ನೆನಪೇ ಇರಲಿಲ್ಲ.

"ಚಟ್ ಅಂದದ್ದು ಬೇಲಿತನಕ ಕೇಳ್ತು ನೋಡ" — ಅಜ್ಜಿ ದಾರಿಯುದ್ದಕ್ಕೂ ಇದನ್ನೇ ಹೇಳಿದಳು. ಹೌದಜ್ಜಿ ಅಂದೆ.

ಆ ಹಣ್ಣನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಬಂದಿದ್ದೇನೆ. ಒರೆಸಿ ಮುಂದಿಟ್ಟುಕೊಂಡಿದ್ದೇನೆ. ಒಂದು ಗೀರೂ ಇಲ್ಲ.

ಗೆದ್ದದ್ದಕ್ಕೆ ಚಿತ್ರಾನ್ನವಂತೆ. ಅಜ್ಜಿ ಅಡುಗೆಮನೆಯಿಂದ ನನ್ನನ್ನು ಕೂಗುತ್ತಿದ್ದಾಳೆ — "ದಾನವ್ವಾ, ಮನ್ಯಾಗ ಲಿಂಬಿಹಣ್ಣ ಒಂದೂ ಇಲ್ಲ! ಅಂಗಡಿಗೆ ಓಡು!"

ಅಂಗಡಿಗೆ ಯಾಕೆ, ನನ್ನ ಹತ್ತಿರ—